ಪವರ್ ಬ್ಯಾಂಕ್‌ಗೆ ಕವರ್ ಹಾಕಿದರೆ ಬೆಂಕಿಯ ಭಯವಿಲ್ಲವೇ? ಕೊಳ್ಳುವ ಮುಂಚೆ ತಿಳಿದಿರಬೇಕಾದ ಸಂಗತಿಗಳು

ಎಲ್ಲಾದರೂ ಪವರ್ ಬ್ಯಾಂಕ್‌ಗೆ ಬೆಂಕಿ ಹತ್ತಿದ ಸುದ್ದಿ ಬಂದರೆ ಸಾಕು, ಅದರ ಬೆನ್ನಿಗೇ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ಪವರ್ ಬ್ಯಾಂಕ್ ಎಂದರೆ ಜೇಬಿನಲ್ಲಿರುವ ಬಾಂಬ್, ಇವತ್ತೇ ಬಿಸಾಡಿ ಎನ್ನುವುದು ಒಂದು. ‘ಫೈರ್‌ಪ್ರೂಫ್’ ಪೌಚ್ ಕೊಂಡು ಅದರೊಳಗೆ ಇಟ್ಟುಬಿಟ್ಟರೆ ರಾತ್ರಿಯಿಡೀ ಚಾರ್ಜ್‌ಗೆ ಹಾಕಿ ನಿಶ್ಚಿಂತೆಯಿಂದ ಮಲಗಬಹುದು ಎನ್ನುವುದು ಇನ್ನೊಂದು. ಮೊದಲನೆಯದು ಸುಮ್ಮನೆ ಹೆದರಿಸುತ್ತದೆ. ಎರಡನೆಯದು ಹುಸಿ ಧೈರ್ಯ ಕೊಡುತ್ತದೆ. ಇವೆರಡರಲ್ಲಿ ಹೆಚ್ಚು ಅಪಾಯ ಹುಸಿ ಧೈರ್ಯದಿಂದಲೇ.

ಹಾಗಾದರೆ ಪವರ್ ಬ್ಯಾಂಕ್‌ಗೆ ಕವರ್ ಬೇಕೇ? ಬೇಕಾದರೆ ಎಂಥದು? ಚಿಕ್ಕ ಉತ್ತರ ಹೀಗಿದೆ: ಕವರ್ ಇರುವುದು ಹೊರಗಿನಿಂದ ಬರುವ ಪೆಟ್ಟು, ಒತ್ತಡ, ನೀರು, ದೂಳು ತಡೆಯಲು. ಒಳಗಿನ ದೋಷವನ್ನು ಅದು ಸರಿಪಡಿಸಲಾರದು, ಒಳಗಿನಿಂದ ಏಳುವ ಬೆಂಕಿಯನ್ನು ನಂದಿಸಲಾರದು. ತಪ್ಪಾದ ಕವರ್ ಬಿಸಿಯನ್ನು ಹಿಡಿದಿಟ್ಟು, ಅಪಾಯದ ಮುನ್ಸೂಚನೆಯನ್ನು ನಿಮ್ಮ ಕಣ್ಣಿಗೆ ಬೀಳದಂತೆ ಮುಚ್ಚಲೂಬಹುದು. ದೊಡ್ಡ ಉತ್ತರವನ್ನು ಒಂದೊಂದಾಗಿ ನೋಡೋಣ.

ಒಳಗೇನಿದೆ?

ಪವರ್ ಬ್ಯಾಂಕ್‌ನ ಒಳಗೆ ಇರುವುದು ಮುಖ್ಯವಾಗಿ ಎರಡೇ ಭಾಗ: ಲಿಥಿಯಂ-ಅಯಾನ್ ಸೆಲ್‌ಗಳು ಮತ್ತು ಅವುಗಳನ್ನು ಕಾಯುವ ಒಂದು ಚಿಕ್ಕ ಸರ್ಕ್ಯೂಟ್ ಬೋರ್ಡ್. ಬೋರ್ಡ್‌ನ ಕೆಲಸ ಹಲವು. ಸೆಲ್ ತುಂಬಿದ ಮೇಲೆ ಚಾರ್ಜ್ ನಿಲ್ಲಿಸುವುದು, ತೀರಾ ಬರಿದಾಗದಂತೆ ನೋಡಿಕೊಳ್ಳುವುದು, ಶಾರ್ಟ್ ಆದರೆ ಸಂಪರ್ಕ ಕಡಿಯುವುದು, ಸೆಲ್‌ನ ಸುಮಾರು 3.7 ವೋಲ್ಟನ್ನು ಫೋನಿಗೆ ಬೇಕಾದ 5 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚಿಗೆ ಏರಿಸುವುದು.

ಸೆಲ್‌ಗಳಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿದೆ. ಒಂದು ಟಾರ್ಚ್ ಸೆಲ್‌ನಂತೆ ದುಂಡಗಿರುವ, ಉಕ್ಕಿನ ಡಬ್ಬಿಯಲ್ಲಿರುವ ಸೆಲ್. ಇದರ ಜನಪ್ರಿಯ ಅಳತೆಯ ಹೆಸರು 18650, ಅಂದರೆ 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ. ಇನ್ನೊಂದು ‘ಲಿಥಿಯಂ ಪಾಲಿಮರ್’ ಎಂದು ಕರೆಯುವ ಚಪ್ಪಟೆ ಸೆಲ್. ಅದರ ಹೊದಿಕೆ ಬಿಸ್ಕತ್ತಿನ ಪೊಟ್ಟಣವನ್ನು ನೆನಪಿಸುವ ತೆಳುವಾದ ಅಲ್ಯುಮಿನಿಯಂ ಹಾಳೆ. ತೆಳುವಾದ, ಜೇಬಿಗೆ ಹಿಡಿಸುವ ಪವರ್ ಬ್ಯಾಂಕ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಪಾಲಿಮರ್ ಆದ್ದರಿಂದ ಬೆಂಕಿ ಹತ್ತುವುದಿಲ್ಲ ಎಂಬ ಮಾತು ಸರಿಯಲ್ಲ. ಅದರೊಳಗೂ ಉರಿಯಬಲ್ಲ ದ್ರಾವಕವೇ ಇದೆ. ಉಕ್ಕಿನ ಡಬ್ಬಿ ಇಲ್ಲದ ಕಾರಣ ಚುಚ್ಚಿದರೆ, ಬಾಗಿಸಿದರೆ, ಒತ್ತಿದರೆ ಅದು ಬೇಗ ಹಾಳಾಗುತ್ತದೆ ಕೂಡ.

ಪ್ರತಿ ಸೆಲ್‌ನೊಳಗೂ ಪ್ಲಸ್ ಬದಿಯ ಪದರ ಮತ್ತು ಮೈನಸ್ ಬದಿಯ ಪದರದ ನಡುವೆ ತಲೆಗೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪರದೆ ಇರುತ್ತದೆ. ಇಡೀ ಸುರಕ್ಷತೆ ನಿಂತಿರುವುದು ಈ ಪರದೆಯ ಮೇಲೆ. ಅದು ಹರಿದರೆ, ಚುಚ್ಚಿಸಿಕೊಂಡರೆ ಅಥವಾ ಕರಗಿದರೆ ಎರಡು ಬದಿಗಳು ಒಂದನ್ನೊಂದು ಮುಟ್ಟುತ್ತವೆ. ಕೂಡಿಟ್ಟ ವಿದ್ಯುತ್ತೆಲ್ಲ ಕ್ಷಣಗಳಲ್ಲಿ ಬಿಸಿಯಾಗಿ ಹೊರಬೀಳುತ್ತದೆ. ಆ ಬಿಸಿಗೆ ಒಳಗಿನ ರಾಸಾಯನಿಕಗಳು ಒಡೆದು ಇನ್ನಷ್ಟು ಬಿಸಿ ಹುಟ್ಟುತ್ತದೆ, ಅದು ಪಕ್ಕದ ಸೆಲ್‌ಗೂ ಹಬ್ಬುತ್ತದೆ. ಒಮ್ಮೆ ಶುರುವಾದರೆ ತಾನೇ ತಾನಾಗಿ ಏರುತ್ತ ಹೋಗುವ ಬಿಸಿ ಇದು.

ಒಳಗೆ ಎಷ್ಟು ಶಕ್ತಿ ಇದೆ ಎಂಬುದಕ್ಕೆ ಒಂದು ಸರಳ ಲೆಕ್ಕ. 10,000 ಎಂಎಎಚ್ ಪವರ್ ಬ್ಯಾಂಕ್ ಎಂದರೆ 10 ಆಂಪಿಯರ್-ಅವರ್ ಗುಣಿಸು 3.7 ವೋಲ್ಟ್, ಅಂದರೆ 37 ವಾಟ್-ಅವರ್. ಅಷ್ಟು ವಿದ್ಯುತ್ತಿನಿಂದ ಸುಮಾರು 400 ಮಿಲಿಲೀಟರ್ ನೀರನ್ನು ಕೊತಕೊತ ಕುದಿಸಬಹುದು. ಇದು ಬರೀ ಕೂಡಿಟ್ಟ ವಿದ್ಯುತ್ತಿನ ಲೆಕ್ಕ. ದ್ರಾವಕ, ಪ್ಲಾಸ್ಟಿಕ್ ಉರಿದರೆ ಬರುವ ಶಾಖ ಬೇರೆಯೇ. ಇಷ್ಟು ಶಕ್ತಿಯನ್ನು ಒಂದು ಬಟ್ಟೆಯ ಚೀಲ ತಡೆದು ನಿಲ್ಲಿಸುತ್ತದೆ ಎನ್ನುವ ಮಾತನ್ನು ಈ ಲೆಕ್ಕ ನೆನಪಿಟ್ಟುಕೊಂಡು ಕೇಳಬೇಕು.

ಕವರ್ ಯಾವುದರಿಂದ ಕಾಪಾಡುತ್ತದೆ?

ಪವರ್ ಬ್ಯಾಂಕ್‌ಗೆ ಹೊರಗಿನ ಶತ್ರುಗಳು ನಾಲ್ಕು: ಬೀಳುವುದು, ಒತ್ತಡ, ನೀರು-ದೂಳು ಮತ್ತು ಬಿಸಿ. ಮೊದಲ ಮೂರಕ್ಕೆ ಕವರ್ ನೆರವಾಗುತ್ತದೆ. ನಾಲ್ಕನೆಯದಕ್ಕೆ ಅದು ನೆರವಾಗದೆ ಅಡ್ಡಿಯಾಗುವುದೇ ಹೆಚ್ಚು.

ಬೀಳುವುದನ್ನು ಮೊದಲು ನೋಡೋಣ. ಒಂದು ಮೀಟರ್ ಎತ್ತರದ ಮೇಜಿನಿಂದ ಗ್ರಾನೈಟ್ ನೆಲಕ್ಕೆ ಬಿದ್ದ ವಸ್ತು ಒಂದೇ ಮಿಲಿಮೀಟರ್ ದೂರದಲ್ಲಿ ನಿಂತುಬಿಟ್ಟರೆ, ಅದಕ್ಕೆ ತಗಲುವ ಬಲ ಸರಾಸರಿ ಅದರ ತೂಕದ ಸುಮಾರು 1,000 ಪಟ್ಟು. ಅದೇ ವಸ್ತುವಿನ ಸುತ್ತ ಮೆತ್ತನೆಯ ಪದರವಿದ್ದು 5 ಮಿಲಿಮೀಟರ್ ಕುಗ್ಗುತ್ತ ನಿಂತರೆ ಆ ಬಲ ಸುಮಾರು 200 ಪಟ್ಟಿಗೆ ಇಳಿಯುತ್ತದೆ. ಮೆತ್ತೆಯ ಉಪಕಾರ ಇಷ್ಟೇ, ಆದರೆ ಇದು ಸಣ್ಣ ಉಪಕಾರವಲ್ಲ. ಬಿದ್ದಾಗ ಹೆಚ್ಚು ಪೆಟ್ಟು ತಿನ್ನುವುದು ಮೂಲೆಗಳು. ಮೂಲೆಗಳಲ್ಲಿ ದಪ್ಪ ಇಲ್ಲದ ಕವರ್ ಎಷ್ಟು ಚೆನ್ನಾಗಿ ಕಂಡರೂ ಹೆಚ್ಚು ಉಪಯೋಗವಿಲ್ಲ.

ಒತ್ತಡದ ವಿಷಯವನ್ನು ಜನ ಹೆಚ್ಚು ಗಮನಿಸುವುದಿಲ್ಲ. ಪ್ಯಾಂಟಿನ ಹಿಂದಿನ ಜೇಬಿನಲ್ಲಿಟ್ಟು ಬಸ್ಸಿನ ಸೀಟಿನಲ್ಲಿ ಕೂರುವುದು, ತುಂಬಿ ತುಳುಕುವ ಬ್ಯಾಗಿಗೆ ತುರುಕುವುದು, ಮೇಲೆ ಪುಸ್ತಕ, ಟಿಫಿನ್ ಬಾಕ್ಸ್ ಹೇರುವುದು, ಇವೆಲ್ಲ ಚಪ್ಪಟೆ ಸೆಲ್ ಅನ್ನು ಬಾಗಿಸುತ್ತವೆ. ಸೆಲ್‌ಗೆ ಸರಿಯಾದ ಜಾಗ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2016ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನ್ ದೊಡ್ಡ ಉದಾಹರಣೆ. ಆ ಫೋನ್‌ಗಳಲ್ಲಿ ಬಳಸಿದ ಎರಡು ಬಗೆಯ ಬ್ಯಾಟರಿಗಳ ಪೈಕಿ ಒಂದರಲ್ಲಿ, ಸೆಲ್‌ನ ಹೊದಿಕೆಯೊಳಗೆ ಮೂಲೆಯಲ್ಲಿ ಜಾಗ ಸಾಲದೆ ಪದರಗಳು ಬಾಗಿದ್ದವು ಎಂದು 2017ರ ಜನವರಿಯಲ್ಲಿ ಪ್ರಕಟವಾದ ತನಿಖೆ ತಿಳಿಸಿತು. ಅಲ್ಲಿ ದೋಷವಿದ್ದದ್ದು ತಯಾರಿಕೆಯಲ್ಲಿ. ಆದರೆ ಮೂಲೆಯಲ್ಲಿ ಬಾಗಿದ ಪದರ ಎಂಥ ಅನಾಹುತಕ್ಕೆ ಕಾರಣವಾಗಬಹುದು ಎಂಬ ಪಾಠ ನಮಗೂ ಅನ್ವಯಿಸುತ್ತದೆ. ಬ್ಯಾಗಿನಲ್ಲಿ ಹೊತ್ತೊಯ್ಯುವವರಿಗೆ ಗಟ್ಟಿ ಚಿಪ್ಪಿನ ಕವರ್ ಒಳ್ಳೆಯದು ಎನ್ನುವುದು ಇದಕ್ಕೇ.

ನೀರು ಮತ್ತು ದೂಳು ಬಾಧಿಸುವುದು ಪೋರ್ಟ್‌ಗಳನ್ನು. ಮಲೆನಾಡಿನ ಮಳೆಯಲ್ಲಿ ಬೈಕ್ ಓಡಿಸುವವರು, ಕರಾವಳಿಯ ಉಪ್ಪುಗಾಳಿಯಲ್ಲಿ ಇರುವವರು, ಹೊಲ-ಗದ್ದೆಯ ದೂಳಿನಲ್ಲಿ ಕೆಲಸ ಮಾಡುವವರು ಪೋರ್ಟ್ ಮುಚ್ಚಿಡುವ ಪೌಚ್ ಬಳಸಿದರೆ ತುಕ್ಕು, ಸಡಿಲ ಸಂಪರ್ಕ ಕಡಿಮೆಯಾಗುತ್ತದೆ. ಜಿಪ್‌ಲಾಕ್ ಚೀಲವೂ ಈ ಕೆಲಸಕ್ಕೆ ಸಾಕು. ಆದರೆ ಒದ್ದೆಯಾದ ಪವರ್ ಬ್ಯಾಂಕನ್ನು ಗಾಳಿಯಾಡದ ಚೀಲಕ್ಕೆ ಹಾಕಿದರೆ ತೇವ ಒಳಗೇ ಉಳಿಯುತ್ತದೆ. ಮೊದಲು ಒರೆಸಿ, ಗಾಳಿಗೆ ಒಣಗಿಸಿ, ಆಮೇಲೆ ಇಡಬೇಕು.

ಬಿಸಿ: ಕವರ್ ಶತ್ರುವಾಗುವ ಜಾಗ

ಪವರ್ ಬ್ಯಾಂಕ್ ಕೆಲಸ ಮಾಡುವಾಗ ಬಿಸಿಯಾಗುವುದು ಸಹಜ. ವೋಲ್ಟ್ ಏರಿಸುವಾಗ ಸಾಮಾನ್ಯವಾಗಿ ಶೇ 10ರಿಂದ 15ರಷ್ಟು ಶಕ್ತಿ ಬಿಸಿಯಾಗಿ ಪೋಲಾಗುತ್ತದೆ. 20 ವಾಟ್ ವೇಗದಲ್ಲಿ ಫೋನ್ ಚಾರ್ಜ್ ಮಾಡುವಾಗ 2ರಿಂದ 3 ವಾಟ್ ಬಿಸಿ ಒಳಗೆ ಹುಟ್ಟುತ್ತಲೇ ಇರುತ್ತದೆ. ಅದು ಹೊರಗೆ ಹೋಗಬೇಕು. ಹೋಗಲು ಇರುವ ದಾರಿ ಪವರ್ ಬ್ಯಾಂಕ್‌ನ ಮೈ ಒಂದೇ.

ಇಲ್ಲಿ ಕವರ್‌ನ ವಸ್ತು ಮುಖ್ಯವಾಗುತ್ತದೆ. ಅಲ್ಯುಮಿನಿಯಂ ಬಿಸಿಯನ್ನು ಚೆನ್ನಾಗಿ ಸಾಗಿಸುತ್ತದೆ. ಸಿಲಿಕೋನ್ ಅದರ ಸಾವಿರದಲ್ಲೊಂದು ಪಾಲು ಮಾತ್ರ ಸಾಗಿಸುತ್ತದೆ. ಫೋಮ್ ಸಿಲಿಕೋನ್‌ಗಿಂತಲೂ ಕಡಿಮೆ, ಏಕೆಂದರೆ ಅದರ ತುಂಬ ಇರುವುದು ಅಲುಗಾಡದ ಗಾಳಿ. ಕಂಬಳಿ ನಮ್ಮನ್ನು ಬೆಚ್ಚಗಿಡುವುದು ಹೇಗೋ ಹಾಗೆಯೇ ಫೋಮ್ ಒಳಪದರದ ಕೇಸು ಪವರ್ ಬ್ಯಾಂಕನ್ನು ಬೆಚ್ಚಗಿಡುತ್ತದೆ. ಕಂಬಳಿ ಹೊದೆಸಿ ಓಡಲು ಹೇಳಿದರೆ ಮನುಷ್ಯನಿಗೆ ಏನಾಗುತ್ತದೋ, ಜಿಪ್ ಹಾಕಿದ ಕೇಸಿನೊಳಗೆ ಚಾರ್ಜ್‌ಗೆ ಹಾಕಿದ ಪವರ್ ಬ್ಯಾಂಕ್‌ಗೂ ಅದೇ ಆಗುತ್ತದೆ.

ಆದರೆ ದಪ್ಪವೂ ಲೆಕ್ಕಕ್ಕೆ ಬರುತ್ತದೆ. 2 ಮಿಲಿಮೀಟರ್ ದಪ್ಪದ ಸಿಲಿಕೋನ್ ಕವರ್ ಮೈಗೆ ಅಂಟಿಕೊಂಡಂತೆ ಇರುವುದರಿಂದ ನಡುವೆ ಗಾಳಿಯ ಪದರ ಇರುವುದಿಲ್ಲ. ಅದು ಒಡ್ಡುವ ತಡೆ ಸಣ್ಣದು. ಸಾಧಾರಣ ವೇಗದ ಚಾರ್ಜಿಂಗ್‌ಗೆ ಅದನ್ನು ತೆಗೆಯದಿದ್ದರೂ ನಡೆದೀತು. ದಪ್ಪ ಫೋಮ್, ಅದರ ಸುತ್ತ ಗಾಳಿ, ಮೇಲೆ ಜಿಪ್ ಇರುವ ಕೇಸಿನಲ್ಲಿ ಮಾತ್ರ ಚಾರ್ಜ್ ಮಾಡಲೇಬಾರದು.

ಲಿಥಿಯಂ-ಅಯಾನ್ ಸೆಲ್‌ಗಳನ್ನು ಚಾರ್ಜ್ ಮಾಡಲು ತಯಾರಕರು ಸಾಮಾನ್ಯವಾಗಿ ಹೇಳುವ ಮಿತಿ 0ಯಿಂದ 45 ಡಿಗ್ರಿ ಸೆಲ್ಸಿಯಸ್. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟುತ್ತದೆ. ಅಂದರೆ ಅಲ್ಲಿ ಪವರ್ ಬ್ಯಾಂಕ್‌ಗೆ ಉಳಿದಿರುವ ಅಂತರ ಬಹಳ ಕಡಿಮೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅದೂ ಉಳಿಯುವುದಿಲ್ಲ. ಅಮೆರಿಕದ ಅರಿಜೋನಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇಸಿಗೆಯ ಬಿಸಿಲಿನಲ್ಲಿ ಒಂದು ಗಂಟೆ ನಿಂತ ಕಾರುಗಳ ಒಳಗಿನ ಗಾಳಿ ಸರಾಸರಿ 47 ಡಿಗ್ರಿ ಮುಟ್ಟಿತ್ತು, ಡ್ಯಾಶ್‌ಬೋರ್ಡ್ ಸುಮಾರು 69 ಡಿಗ್ರಿ ಇತ್ತು. ಎಷ್ಟೇ ದಪ್ಪನೆಯ ಕವರ್ ಇದ್ದರೂ ಗಂಟೆಗಟ್ಟಲೆ ಆ ಬಿಸಿಯಲ್ಲಿ ಇದ್ದರೆ ಒಳಗಿನ ಸೆಲ್ ಕೂಡ ಅಷ್ಟೇ ಕಾಯುತ್ತದೆ. ಕವರ್ ಬಿಸಿ ತಲುಪುವುದನ್ನು ತಡಮಾಡುತ್ತದೆ, ತಪ್ಪಿಸುವುದಿಲ್ಲ. ಸ್ಕೂಟರ್‌ನ ಸೀಟಿನ ಕೆಳಗಿನ ಡಿಕ್ಕಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ಬಿಸಿಲಿನ ಜೊತೆಗೆ ಎಂಜಿನ್‌ನ ಬಿಸಿಯೂ ಸೇರುತ್ತದೆ.

ಮಾರುಕಟ್ಟೆಯಲ್ಲಿ ಸಿಗುವ ಬಗೆಗಳು

ಸಿಲಿಕೋನ್ ಕವರ್: ಬೀಳುವುದರಿಂದ, ಗೀರಿನಿಂದ ಕಾಪಾಡುತ್ತದೆ, ಕೈಯಿಂದ ಜಾರುವುದಿಲ್ಲ. ನಿಮ್ಮ ಮಾಡೆಲ್‌ಗೇ ಮಾಡಿದ್ದಾಗಿರಬೇಕು. ತುಂಬ ಬಿಗಿಯಾದದ್ದು ಬೇಡ. ದಿನಬಳಕೆಗೆ, ಮನೆ-ಆಫೀಸಿನ ನಡುವೆ ಓಡಾಡುವವರಿಗೆ ಇದು ಸಾಕು.

ಗಟ್ಟಿ ಚಿಪ್ಪಿನ ಜಿಪ್ ಕೇಸ್: ಹಾರ್ಡ್ ಡಿಸ್ಕ್ ಇಡುವ ಕೇಸಿನಂಥದು. ಅಂಗಡಿಯಲ್ಲಿ ಇದನ್ನು ‘ಇವಿಎ ಕೇಸ್’ ಎನ್ನುತ್ತಾರೆ. ಪೆಟ್ಟು, ಒತ್ತಡ ಎರಡಕ್ಕೂ ಒಳ್ಳೆಯದು. ಪ್ರಯಾಣಕ್ಕೆ, ಕಾಲೇಜಿನ ಬ್ಯಾಗಿಗೆ ಸರಿ. ಸಾಗಿಸಲು ಮಾತ್ರ ಬಳಸಬೇಕು, ಚಾರ್ಜ್ ಮಾಡುವಾಗ ಹೊರಗೆ ತೆಗೆಯಬೇಕು. ಹಲವು ಕೇಸುಗಳಲ್ಲಿ ಕೇಬಲ್ ಹೊರಬರಲು ಕಿಂಡಿ ಬಿಟ್ಟಿರುತ್ತಾರೆ. ಆ ಕಿಂಡಿ ಇದೆ ಎಂದ ಮಾತ್ರಕ್ಕೆ ಒಳಗಿಟ್ಟು ಚಾರ್ಜ್ ಮಾಡುವುದು ಸುರಕ್ಷಿತ ಎಂದಲ್ಲ.

ಬಟ್ಟೆ, ವೆಲ್ವೆಟ್, ರೆಕ್ಸಿನ್ ಪೌಚ್: ಗೀರು, ದೂಳು ತಡೆಯುತ್ತದೆ. ಪೆಟ್ಟಿಗೂ ಒತ್ತಡಕ್ಕೂ ಹೆಚ್ಚು ಪ್ರಯೋಜನವಿಲ್ಲ. ಪವರ್ ಬ್ಯಾಂಕ್ ಜೊತೆಗೇ ಉಚಿತವಾಗಿ ಬರುವ ಬಲೆಯಂಥ ಚೀಲವೂ ಇದೇ ಗುಂಪಿನದು. ಇದರಲ್ಲಿ ಕೀಲಿಕೈ, ಚಿಲ್ಲರೆ, ಹೇರ್‌ಪಿನ್ ಹಾಕಬೇಡಿ. ಒಳ್ಳೆಯ ಪವರ್ ಬ್ಯಾಂಕ್‌ನ ಸರ್ಕ್ಯೂಟ್ ಶಾರ್ಟ್ ಆದಾಗ ಸಂಪರ್ಕ ಕಡಿಯುತ್ತದೆ, ನಿಜ. ಆದರೆ ಪೋರ್ಟ್‌ನೊಳಗೆ ಲೋಹದ ಚೂರು ಹೊಕ್ಕರೆ ಪೋರ್ಟ್ ಹಾಳಾಗುತ್ತದೆ, ಕಳಪೆ ಸರಕಿನಲ್ಲಿ ಆ ರಕ್ಷಣೆಯೇ ಇಲ್ಲದಿರಬಹುದು.

ಲೋಹದ ಡಬ್ಬಿ: ಒತ್ತಡಕ್ಕೆ ಗಟ್ಟಿ, ಪೆಟ್ಟಿಗೆ ಮೆತ್ತೆ ಇಲ್ಲ. ಫೋನಿನ ಬೆನ್ನಿಗೆ ಆಯಸ್ಕಾಂತದಂತೆ ಅಂಟಿ ವೈರ್‌ಲೆಸ್ ಚಾರ್ಜ್ ಮಾಡುವ ಬಗೆಯ ಪವರ್ ಬ್ಯಾಂಕ್‌ಗಳಿಗೆ ಲೋಹದ ಕವರ್ ಬೇಡವೇ ಬೇಡ. ನಡುವೆ ಲೋಹ ಬಂದರೆ ಚಾರ್ಜ್ ಆಗುವುದಿಲ್ಲ, ಲೋಹವೇ ಬಿಸಿಯೇರುತ್ತದೆ.

‘ಫೈರ್‌ಪ್ರೂಫ್’ ಪೌಚ್ ನಿಜವೇ?

ಅರ್ಧ ನಿಜ. ಈ ಪೌಚ್‌ಗಳನ್ನು ಸಾಮಾನ್ಯವಾಗಿ ಗಾಜಿನ ನಾರಿನ ಬಟ್ಟೆಗೆ ಸಿಲಿಕೋನ್ ಲೇಪಿಸಿ ಮಾಡುತ್ತಾರೆ. ಗಾಜಿನ ನಾರು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ರಿಮೋಟ್‌ನಿಂದ ಹಾರಿಸುವ ವಿಮಾನ, ಡ್ರೋನ್ ಹವ್ಯಾಸಿಗಳು ಇಂಥ ಚೀಲಗಳನ್ನು ಬಹಳ ಕಾಲದಿಂದ ಬಳಸುತ್ತಿದ್ದಾರೆ. ಅವರು ಇವುಗಳಿಂದ ನಿರೀಕ್ಷಿಸುವುದು ಬೆಂಕಿ ಹಬ್ಬುವುದನ್ನು ಸ್ವಲ್ಪ ಹೊತ್ತು ತಡೆಯುವುದನ್ನು ಮಾತ್ರ.

ಸೌದೆಯ ಬೆಂಕಿಯನ್ನು ಮುಚ್ಚಳ ಹಾಕಿ ಆರಿಸಬಹುದು, ಏಕೆಂದರೆ ಗಾಳಿ ಸಿಗದೆ ಅದು ಸಾಯುತ್ತದೆ. ಲಿಥಿಯಂ-ಅಯಾನ್ ಸೆಲ್‌ನ ಕಥೆ ಬೇರೆ. ತೀರಾ ಬಿಸಿಯಾದಾಗ ಅದರ ಪ್ಲಸ್ ಬದಿಯ ವಸ್ತುವೇ ಒಡೆದು ಆಮ್ಲಜನಕ ಬಿಡುಗಡೆ ಮಾಡುತ್ತದೆ. ಹೊರಗಿನ ಗಾಳಿ ನಿಂತರೂ ಒಳಗಿನ ಕ್ರಿಯೆ ನಿಲ್ಲುವುದಿಲ್ಲ. ಅದನ್ನು ನಿಲ್ಲಿಸುವುದು ತಂಪು ಮಾಡುವುದರಿಂದ. ಚೀಲ ಮಾಡುವುದು ಅದಕ್ಕೆ ತದ್ವಿರುದ್ಧ, ಬಿಸಿಯನ್ನು ಒಳಗೇ ಹಿಡಿದಿಡುತ್ತದೆ.

ಜೊತೆಗೆ ಹೊಗೆಯ ಪ್ರಶ್ನೆ ಇದೆ. ಉರಿಯುವ ಸೆಲ್ ಬಿಡುವ ಅನಿಲಗಳಲ್ಲಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಫ್ಲೋರೈಡ್‌ನಂಥ ವಿಷಗಳಿರುತ್ತವೆ. ಬಟ್ಟೆಯ ಚೀಲ ಅವನ್ನು ತಡೆಯುವುದಿಲ್ಲ. ಮಲಗುವ ಕೋಣೆಯ ಬಾಗಿಲು-ಕಿಟಕಿ ಹಾಕಿಕೊಂಡು, ಹಾಸಿಗೆ ಪಕ್ಕದಲ್ಲಿ ಪೌಚ್‌ನೊಳಗೆ ಚಾರ್ಜ್‌ಗೆ ಇಟ್ಟು ಮಲಗಿದವರಿಗೆ ಜ್ವಾಲೆಗಿಂತ ಮೊದಲು ತಲುಪುವುದು ಹೊಗೆ.

‘ಬಟ್ಟೆಗೆ ಬೆಂಕಿ ಹತ್ತುವುದಿಲ್ಲ’ ಎನ್ನುವುದು ಬೇರೆ, ‘ಬ್ಯಾಟರಿಯ ಬೆಂಕಿಯನ್ನು ಈ ಚೀಲ ಒಳಗೇ ಹಿಡಿದಿಡುತ್ತದೆ’ ಎನ್ನುವುದು ಬೇರೆ. ಎರಡನೆಯದನ್ನು ಪರೀಕ್ಷಿಸಲೆಂದೇ ಅಮೆರಿಕದ ಯುಎಲ್ ಸಂಸ್ಥೆಯ ‘ಯುಎಲ್ 5800’ ಎಂಬ ಮಾನದಂಡ ಇದೆ. ವಿಮಾನಗಳಲ್ಲಿ ಸಿಬ್ಬಂದಿ ಬಳಸುವಂಥ ಚೀಲಗಳನ್ನು ಪರೀಕ್ಷಿಸಲು ಇಂಥ ಮಾನದಂಡವನ್ನು ಬಳಸುತ್ತಾರೆ. ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಚೀಲದ ಮೇಲೆ ಬರೀ ‘ಫೈರ್‌ಪ್ರೂಫ್’ ಎಂದು ಅಚ್ಚಾಗಿದ್ದರೆ, ಯಾವ ಮಾನದಂಡದಲ್ಲಿ, ಎಷ್ಟು ವಾಟ್-ಅವರ್ ಬ್ಯಾಟರಿ ಇಟ್ಟು ಪರೀಕ್ಷಿಸಿದ್ದಾರೆ ಎಂದು ಹುಡುಕಿ. ಉತ್ತರ ಸಿಗದಿದ್ದರೆ ಅದನ್ನು ಮಾಮೂಲಿ ಪೌಚ್ ಎಂದೇ ತಿಳಿಯಿರಿ.

ಫಾರ್ವರ್ಡ್‌ಗಳಲ್ಲಿ ಬರುವ ಇತರ ಸಲಹೆಗಳು

ಸ್ಟೀಲ್ ಡಬ್ಬದಲ್ಲಿ ಬಿಗಿಯಾಗಿ ಮುಚ್ಚಿಡಿ: ಬೇಡ. ಸೆಲ್ ಕೆಟ್ಟಾಗ ಬಹಳ ಅನಿಲ ಹೊರಬರುತ್ತದೆ. ಹೋಗಲು ದಾರಿಯಿಲ್ಲದ ಗಟ್ಟಿ ಡಬ್ಬದಲ್ಲಿ ಒತ್ತಡ ಏರಿ ಮುಚ್ಚಳ ಸಿಡಿಯಬಹುದು.

ಬಿಸಿಯಾದರೆ ಫ್ರಿಜ್‌ನಲ್ಲಿಡಿ: ಬೇಡ. ತಣ್ಣಗಾದ ವಸ್ತುವನ್ನು ಹೊರತೆಗೆದಾಗ ಮಜ್ಜಿಗೆ ಲೋಟದ ಮೇಲೆ ಹನಿಗೂಡುವಂತೆ ಅದರ ಮೇಲೂ ಒಳಗೂ ಹನಿಗೂಡುತ್ತದೆ. ಚಾರ್ಜ್ ನಿಲ್ಲಿಸಿ, ಕವರ್ ತೆಗೆದು, ನೆರಳಿನಲ್ಲಿ ಗಟ್ಟಿ ನೆಲದ ಮೇಲೆ ಇಟ್ಟರೆ ಸಾಕು.

ಒದ್ದೆ ಬಟ್ಟೆ ಸುತ್ತಿ ಚಾರ್ಜ್ ಮಾಡಿ: ಇದೂ ಬೇಡ. ಪೋರ್ಟ್‌ಗೆ ನೀರು ಇಳಿದರೆ ತುಕ್ಕು, ಶಾರ್ಟ್ ಎರಡೂ ಆಗಬಹುದು.

ಉಬ್ಬಿದ್ದರೆ ಪಿನ್ ಚುಚ್ಚಿ ಗಾಳಿ ತೆಗೆಯಿರಿ: ಇದು ಎಲ್ಲಕ್ಕಿಂತ ಅಪಾಯಕಾರಿ ಸಲಹೆ. ಪಿನ್ ಚುಚ್ಚುವುದೆಂದರೆ ನಾವು ಮೇಲೆ ಹೇಳಿದ ಆ ತೆಳು ಪರದೆಯನ್ನು ನಮ್ಮ ಕೈಯಾರೆ ತೂತು ಮಾಡುವುದು. ಇಂಥ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೂ ತಿಳಿಸಿ.

ವಿಮಾನದಲ್ಲಿ ಕಲಿತ ಪಾಠ

ಕವರ್‌ನ ಮಿತಿ ಏನು ಎಂಬುದನ್ನು ವಿಮಾನಯಾನದ ನಿಯಮಗಳು ಚೆನ್ನಾಗಿ ತೋರಿಸುತ್ತವೆ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಹಾಂಗ್‌ಕಾಂಗ್‌ಗೆ ಹೊರಡಲು ನಿಂತಿದ್ದ ಏರ್ ಬುಸಾನ್ ವಿಮಾನದೊಳಗೆ ಬೆಂಕಿ ಹತ್ತಿತು. ಒಳಗಿದ್ದ 176 ಮಂದಿಯೂ ಪಾರಾದರು, ವಿಮಾನ ಸುಟ್ಟಿತು. ತಲೆಯ ಮೇಲಿನ ಲಗೇಜ್ ಕಪಾಟಿನಲ್ಲಿದ್ದ ಪವರ್ ಬ್ಯಾಂಕ್‌ನ ಒಳಗಿನ ನಿರೋಧಕ ಪದರ ಕೆಟ್ಟಿದ್ದು ಕಾರಣವಿರಬಹುದು ಎಂದು ಮಾರ್ಚ್‌ನಲ್ಲಿ ಪ್ರಕಟವಾದ ಮಧ್ಯಂತರ ತನಿಖೆ ಹೇಳಿತು.

ಅಲ್ಲಿನ ಸರ್ಕಾರ 2025ರ ಮಾರ್ಚ್ 1ರಿಂದ ತಂದ ನಿಯಮದಲ್ಲಿ ಎರಡು ಭಾಗಗಳಿದ್ದವು. ಮೊದಲನೆಯದು, ಪೋರ್ಟ್‌ಗೆ ಟೇಪ್ ಅಂಟಿಸಬೇಕು ಅಥವಾ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಕು. ಇದು ಹೊರಗಿನ ಶಾರ್ಟ್ ತಪ್ಪಿಸಲು. ಎರಡನೆಯದು, ಮೇಲಿನ ಕಪಾಟಿನಲ್ಲಿ ಇಡಬಾರದು, ಕೈಗೆಟಕುವಂತೆ ತಮ್ಮ ಬಳಿಯೇ ಇಟ್ಟುಕೊಳ್ಳಬೇಕು. ಇದು ಒಳಗಿನ ದೋಷದಿಂದ ಬೆಂಕಿ ಹತ್ತಿದರೆ ತಕ್ಷಣ ಕಣ್ಣಿಗೆ ಬೀಳಲಿ ಎಂದು. ಬೆಂಕಿಯನ್ನು ಚೀಲ ತಡೆಯುತ್ತದೆ ಎಂದು ಯಾರೂ ಲೆಕ್ಕ ಹಾಕಿರಲಿಲ್ಲ. ಬೇಗ ಕಾಣಬೇಕು ಎನ್ನುವುದೇ ಮುಖ್ಯವಾಗಿತ್ತು.

ಅದೇ ವರ್ಷ ಅಕ್ಟೋಬರ್ 19ರಂದು ದೆಹಲಿಯಿಂದ ದಿಮಾಪುರಕ್ಕೆ ಹೊರಟಿದ್ದ ಇಂಡಿಗೊ ವಿಮಾನ ರನ್‌ವೇ ಕಡೆಗೆ ಸಾಗುತ್ತಿದ್ದಾಗ, ಸೀಟಿನ ಹಿಂಬದಿಯ ಜೇಬಿನಲ್ಲಿದ್ದ ಪ್ರಯಾಣಿಕರೊಬ್ಬರ ಪವರ್ ಬ್ಯಾಂಕ್‌ಗೆ ಬೆಂಕಿ ಹತ್ತಿತು. ಕಣ್ಣೆದುರೇ ಇದ್ದದ್ದರಿಂದ ಸಿಬ್ಬಂದಿ ಬೇಗ ನಂದಿಸಿದರು, ಯಾರಿಗೂ ಗಾಯವಾಗಲಿಲ್ಲ.

ನಮ್ಮಲ್ಲಿ ಪವರ್ ಬ್ಯಾಂಕನ್ನು ಚೆಕ್-ಇನ್ ಲಗೇಜ್‌ನಲ್ಲಿ ಹಾಕುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು. 100 ವಾಟ್-ಅವರ್‌ವರೆಗೆ ಅನುಮತಿ ಬೇಕಿಲ್ಲ, 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದಕ್ಕಿಂತ ಹೆಚ್ಚಿನದು ಒಯ್ಯುವಂತಿಲ್ಲ. 20,000 ಎಂಎಎಚ್ ಎಂದರೆ 74 ವಾಟ್-ಅವರ್, ಸುಮಾರು 27,000 ಎಂಎಎಚ್ ಎಂದರೆ 100ರ ಅಂಚು. ಸಾಮರ್ಥ್ಯ ಬರೆದ ಅಕ್ಷರಗಳನ್ನು ಮುಚ್ಚುವ, ಕಿತ್ತು ತೆಗೆಯಲಾಗದ ಕವರ್ ಹಾಕಿದ್ದರೆ ಭದ್ರತಾ ತಪಾಸಣೆಯಲ್ಲಿ ತೊಂದರೆ. ಚೀನಾದಲ್ಲಂತೂ 2025ರ ಜೂನ್ 28ರಿಂದ ಅಲ್ಲಿನ ‘3ಸಿ’ ಗುರುತು ಸ್ಪಷ್ಟವಾಗಿ ಕಾಣದ ಪವರ್ ಬ್ಯಾಂಕ್‌ಗಳನ್ನು ದೇಶದೊಳಗಿನ ವಿಮಾನಗಳಿಗೆ ಬಿಡುತ್ತಿಲ್ಲ.

ಅಂಗಡಿಯಲ್ಲಿ ಏನು ನೋಡಬೇಕು?

1. ಪವರ್ ಬ್ಯಾಂಕನ್ನು ಜೊತೆಗೆ ಒಯ್ಯಿರಿ. ‘10,000 ಎಂಎಎಚ್ ಕವರ್’ ಎಂದು ಕೇಳಿದರೆ ಸಾಲದು. ಒಂದೇ ಸಾಮರ್ಥ್ಯದ್ದು ಬೇರೆ ಬೇರೆ ಗಾತ್ರದಲ್ಲಿ ಬರುತ್ತದೆ. ಆನ್‌ಲೈನ್‌ನಲ್ಲಾದರೆ ಉದ್ದ, ಅಗಲ, ದಪ್ಪ ಅಳೆದು, ಕೇಸಿನ ಒಳ ಅಳತೆಯೊಂದಿಗೆ ಹೋಲಿಸಿ.

2. ಸುಲಭವಾಗಿ ಹಾಕಿ ತೆಗೆಯುವಂತಿರಲಿ. ಎಳೆದಾಡಿ ತೆಗೆಯಬೇಕಾದ ಕವರನ್ನು ಯಾರೂ ತೆಗೆಯುವುದಿಲ್ಲ. ತೆಗೆಯದಿದ್ದರೆ ಉಬ್ಬಿದ್ದು ಗೊತ್ತಾಗುವುದಿಲ್ಲ.

3. ಕೇಸ್ ಮುಚ್ಚಿದಾಗ ಪವರ್ ಬಟನ್ ಒತ್ತಿಕೊಳ್ಳಬಾರದು, ಮೂಲೆಗಳು ಬಿಗಿಯಾಗಿ ಅದುಮಿಕೊಳ್ಳಬಾರದು. ಕೇಬಲ್ ಇಡಲು ಬೇರೆ ಜಾಗವಿರಲಿ. ಪಿನ್ ಸಿಕ್ಕಿಸಿಟ್ಟು ಒಯ್ದರೆ ಪೋರ್ಟ್ ಬಾಗುತ್ತದೆ.

4. ಸಾಮರ್ಥ್ಯ ಮತ್ತು ನೋಂದಣಿ ಸಂಖ್ಯೆ ಬರೆದ ಬದಿ ಕಾಣುವಂತಿರಲಿ, ಇಲ್ಲವೇ ಕವರ್ ಥಟ್ಟನೆ ತೆಗೆಯುವಂತಿರಲಿ.

5. ಮೂಲೆಗಳನ್ನು ಬೆರಳಿನಿಂದ ಒತ್ತಿ ನೋಡಿ. ಅಲ್ಲಿ ಮೆತ್ತೆ ಇದ್ದರೆ ಸರಿ.

ಇಷ್ಟು ನೋಡುವ ಮೊದಲು ಇನ್ನೊಂದು ಪ್ರಶ್ನೆ: ಕವರ್ ಹಾಕುವಷ್ಟು ಒಳ್ಳೆಯದೇ ನಿಮ್ಮ ಪವರ್ ಬ್ಯಾಂಕ್? ಭಾರತದಲ್ಲಿ ಮಾರುವ ಪವರ್ ಬ್ಯಾಂಕ್‌ಗೆ ಭಾರತೀಯ ಮಾನಕ ಬ್ಯೂರೊದ ನೋಂದಣಿ ಕಡ್ಡಾಯ. ಅದರ ಮೈಮೇಲೆ ‘ಆರ್-’ ಎಂದು ಶುರುವಾಗುವ ಎಂಟು ಅಂಕಿಯ ಸಂಖ್ಯೆ ಇರಬೇಕು. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾವ ತಯಾರಕರ ಯಾವ ಸರಕು ಎಂದು ತಿಳಿಯುತ್ತದೆ. ಸಂಖ್ಯೆ ಇಲ್ಲದಿದ್ದರೆ, ಅಥವಾ ಆ್ಯಪ್ ಬೇರೆಯೇ ಹೆಸರು ತೋರಿಸಿದರೆ, ಆ ಸರಕು ಬೇಡ.

ತೂಕವೂ ಸುಳ್ಳು ಹಿಡಿಯುತ್ತದೆ. ಇಂದಿನ ಒಳ್ಳೆಯ ಸೆಲ್‌ಗಳು ಒಂದು ಕಿಲೋ ತೂಕಕ್ಕೆ ಸುಮಾರು 250 ವಾಟ್-ಅವರ್ ಹಿಡಿಯುತ್ತವೆ. ಆ ಲೆಕ್ಕದಲ್ಲಿ 50,000 ಎಂಎಎಚ್, ಅಂದರೆ 185 ವಾಟ್-ಅವರ್ ಹಿಡಿಯಲು ಸೆಲ್‌ಗಳೇ 700 ಗ್ರಾಂ ದಾಟಬೇಕು. 50,000 ಎಂದು ಬರೆದು 250 ಗ್ರಾಂ ತೂಗುವ ಪವರ್ ಬ್ಯಾಂಕ್ ಮಾರುವವರು ಸೆಲ್‌ನ ಗುಣಮಟ್ಟದಲ್ಲಿ ನಿಜ ಹೇಳಿರುತ್ತಾರೆಂದು ನಂಬುವುದು ಕಷ್ಟ.

ಹೆಸರಾಂತ ಕಂಪನಿಯದಾದರೂ ಎಚ್ಚರ ಬೇಕು. 2025ರ ಜೂನ್‌ನಲ್ಲಿ ಆ್ಯಂಕರ್ ಕಂಪನಿ ಅಮೆರಿಕದಲ್ಲಿ ಒಂದು ಮಾಡೆಲ್‌ನ 10 ಲಕ್ಷಕ್ಕೂ ಹೆಚ್ಚು ಪವರ್ ಬ್ಯಾಂಕ್‌ಗಳನ್ನು ಬೆಂಕಿಯ ಅಪಾಯದ ಕಾರಣಕ್ಕೆ ವಾಪಸ್ ಕರೆಸಿತು. ನಿಮ್ಮ ಮಾಡೆಲ್ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಒಮ್ಮೆ ಹುಡುಕಿ ನೋಡುವುದು ಒಳ್ಳೆಯದು. ವಾಪಸ್ ಕರೆಸಿದ ಸರಕಿಗೆ ಯಾವ ಕವರ್ ಹಾಕಿದರೂ ಉಪಯೋಗವಿಲ್ಲ.

ತಿಂಗಳಿಗೊಮ್ಮೆ ಕವರ್ ತೆಗೆದು ನೋಡಿ

ಸೆಲ್ ಕೆಡುವಾಗ ಒಳಗೆ ಅನಿಲ ಸೇರಿ ಉಬ್ಬುತ್ತದೆ. ಇದು ಹಲವು ಬಾರಿ ನಮಗೆ ಸಿಗುವ ಮೊದಲ ಮುನ್ಸೂಚನೆ. ಕವರ್ ಹಾಕಿಟ್ಟವರು ತಪ್ಪಿಸಿಕೊಳ್ಳುವುದೂ ಇದನ್ನೇ. ತಿಂಗಳಿಗೊಮ್ಮೆ ಕವರ್ ಕಳಚಿ ಪವರ್ ಬ್ಯಾಂಕನ್ನು ಸಮನಾದ ಮೇಜಿನ ಮೇಲಿಡಿ. ತೊಟ್ಟಿಲಿನಂತೆ ತೂಗಿದರೆ, ಅಂಚಿನ ಬೆಸುಗೆ ಬಾಯಿ ಬಿಟ್ಟಿದ್ದರೆ, ಸಿಹಿ ಕಮಟು ವಾಸನೆ ಬಂದರೆ, ಸುಮ್ಮನೆ ಇಟ್ಟಾಗಲೂ ಬೆಚ್ಚಗಿದ್ದರೆ ಅದರ ಬಳಕೆ ಅಲ್ಲಿಗೇ ನಿಲ್ಲಲಿ. ಜೋರಾಗಿ ಬಿದ್ದಿದ್ದರೆ ಅಥವಾ ನೀರಿನಲ್ಲಿ ಮುಳುಗಿದ್ದರೆ, ಹೊರಗೆ ಏನೂ ಕಾಣದಿದ್ದರೂ ಕೆಲವು ದಿನ ಹಾಸಿಗೆ, ಪರದೆ, ಪೇಪರ್ ರಾಶಿಯಿಂದ ದೂರ ಇಟ್ಟು ಗಮನಿಸಿ.

ಚಾರ್ಜ್ ಮಾಡುವಾಗ ಕವರ್ ತೆಗೆದು ಕಡಪ ಕಲ್ಲು, ಟೈಲ್ಸ್, ಸಿಮೆಂಟ್ ನೆಲದಂಥ ಗಟ್ಟಿ ಜಾಗದಲ್ಲಿ ಇಡಿ. ದಿಂಬಿನ ಕೆಳಗೆ ಬೇಡ, ಮನೆಯವರೆಲ್ಲ ಎಚ್ಚರವಿರುವ ಹೊತ್ತಿನಲ್ಲಿ ಮುಗಿಸಿ. ಹೊಗೆ ಬರತೊಡಗಿದರೆ ಕೈಯಿಂದ ಎತ್ತಲು ಹೋಗಬೇಡಿ, ಚೀಲಕ್ಕೆ ತುಂಬಲು ಹೋಗಬೇಡಿ. ಎಲ್ಲರನ್ನೂ ಹೊರಗೆ ಕಳಿಸಿ, 112ಕ್ಕೆ ಅಥವಾ ಅಗ್ನಿಶಾಮಕದ 101ಕ್ಕೆ ಕರೆ ಮಾಡಿ. ಹೊಗೆ ಉಸಿರಾಡದೆ, ಅಪಾಯವಿಲ್ಲದ ದೂರದಿಂದ ಸಾಧ್ಯವಿದ್ದರೆ, ಪ್ಲಗ್ ಕಿತ್ತ ಅಥವಾ ಸ್ವಿಚ್ ಆರಿಸಿದ ಮೇಲೆ, ಧಾರಾಳ ನೀರು ಸುರಿಯುವುದು ಇಷ್ಟು ಚಿಕ್ಕ ಬ್ಯಾಟರಿಯನ್ನು ತಂಪು ಮಾಡುವ ದಾರಿ.

ಹಾಳಾದದ್ದನ್ನು ಕಸದ ಬುಟ್ಟಿಗೆ ಹಾಕಬೇಡಿ. ಕಸದ ಲಾರಿ ಒತ್ತಿ ತುಂಬುವಾಗ ಸೆಲ್ ಚುಚ್ಚಿಕೊಂಡು ಹೊತ್ತಿಕೊಂಡರೆ ಅಪಾಯ ಪೌರಕಾರ್ಮಿಕರಿಗೆ. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು 2022ರ ಪ್ರಕಾರ ಹಳೆಯ ಬ್ಯಾಟರಿಯನ್ನು ಮನೆಯ ಬೇರೆ ಕಸದೊಂದಿಗೆ ಬೆರೆಸದೆ ಸಂಗ್ರಹಕಾರರಿಗೆ ಅಥವಾ ಮರುಬಳಕೆ ಮಾಡುವವರಿಗೆ ತಲುಪಿಸುವುದು ಬಳಸಿದವರ ಹೊಣೆ. ಹತ್ತಿರದ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಯ್ಯುವಾಗ ಪೋರ್ಟ್‌ಗೆ ಟೇಪ್ ಅಂಟಿಸಿ.

ಮುಂದಿನ ಸಲ ‘ಈ ಪೌಚ್ ಇದ್ದರೆ ಭಯವಿಲ್ಲ’ ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಅದರ ಕೆಳಗೆ ಇಷ್ಟು ಬರೆದರೆ ಸಾಕು: ಒಯ್ಯುವಾಗ ಕವರ್ ಇರಲಿ, ಚಾರ್ಜ್ ಮಾಡುವಾಗ ತೆಗೆಯಿರಿ, ತಿಂಗಳಿಗೊಮ್ಮೆ ಕಳಚಿ ಉಬ್ಬಿದೆಯೇ ನೋಡಿ, ಉಬ್ಬಿದ್ದರೆ ಬಳಸಬೇಡಿ.